ನೀಲಿ ಸಭಾಂಗಣದಲ್ಲಿ ನೀಲಿ ಎಲ್ಲಿದೆ?

ಪ್ರಿಯ ಲೇಖಕಿಗೆ, ನಮಸ್ಕಾರ.

ಜೂನ್ ಕೊನೆಯಲ್ಲಿ ಅಮ್ಮನನ್ನು ಕರೆದುಕೊಂಡು ಸ್ಟಾಕ್‌ಹೋಮ್‌ಗೆ ಹೋಗಿ, ಮೂರು ದಿನ ಇದ್ದು ಬಂದದ್ದನ್ನು ಬರೆದು ಕಳಿಸಿದ್ದೀರಿ. ಓದಿದೆ. ಭಾಷೆ ಶುದ್ಧವಾಗಿದೆ, ಇಸವಿಗಳೆಲ್ಲ ಸರಿ ಇವೆ. ಆದರೂ ಈಗ ಪ್ರಕಟಿಸುತ್ತಿಲ್ಲ. ಒಂದು ಸಾಲು ಓದಿ ಸಿಟ್ಟು ಬಂತು. ಇನ್ನೊಂದು ಸಾಲು ಎರಡು ದಿನದಿಂದ ತಲೆಯಲ್ಲೇ ಕೂತಿದೆ. ಆ ಎರಡರ ಬಗ್ಗೆಯೇ ಬರೆಯುತ್ತೇನೆ.

ಸಿಟ್ಟು ಬರಿಸಿದ ಸಾಲು ಇದು: ‘ನೊಬೆಲ್ ಔತಣ ನಡೆಯುವ ನೀಲಿ ಸಭಾಂಗಣದ ನೀಲಿ ಸೊಬಗು ಮನಮೋಹಕ.’

ಸ್ಟಾಕ್‌ಹೋಮ್ ನಗರಸಭೆ ಕಟ್ಟಡದ ಆ ಸಭಾಂಗಣ ನೀಲಿ ಅಲ್ಲ. ಗೋಡೆಯೆಲ್ಲ ಕೆಂಪು ಇಟ್ಟಿಗೆ. ಕಟ್ಟಡದ ವಾಸ್ತುಶಿಲ್ಪಿ ರಾಗ್ನರ್ ಓಸ್ಟ್‌ಬರ್ಗ್ ನೀಲಿ ಮಾಡಬೇಕು ಅಂತಲೇ ಇದ್ದರು. ಇಟ್ಟಿಗೆಯ ಕೆಂಪು ನೋಡಿದ ಮೇಲೆ ಅದನ್ನು ಮುಚ್ಚಲು ಮನಸ್ಸು ಬರಲಿಲ್ಲ. ಹೆಸರು ಮಾತ್ರ ಹಾಗೇ ಉಳಿಯಿತು. 1923ರಲ್ಲಿ ಉದ್ಘಾಟನೆ ಆದಾಗಿನಿಂದ ಅದು ಕೆಂಪು ಗೋಡೆಯ ನೀಲಿ ಸಭಾಂಗಣವೇ. ನೀವು ಅಲ್ಲಿ ನಿಂತಿದ್ದಿರಿ, ಅಲ್ವಾ? ಕಣ್ಣೆದುರು ಕೆಂಪು ಇದ್ದರೂ ಕೈ ನೀಲಿ ಅಂತ ಬರೆದದ್ದು ಹೇಗೆ? ‘ಮನಮೋಹಕ’ ಎಂಬ ಪದದ ಮೇಲೆ ನನಗೆ ಅನುಮಾನ. ಅದು ಸಿಕ್ಕ ಕೂಡಲೇ ನೀವು ನೋಡುವುದನ್ನು ನಿಲ್ಲಿಸಿದ್ದೀರಿ. ಲೇಖನದಲ್ಲಿ ಅದು ಒಂಬತ್ತು ಸಲ ಬಂದಿದೆ.

‘ಮನಮೋಹಕ ವಾಸಾ ಹಡಗು’ ಅಂದಿದ್ದೀರಿ. 64 ತೋಪು ಹೊತ್ತು 1628ರ ಆಗಸ್ಟ್ 10ರಂದು ಹೊರಟ ಹಡಗು ಅದು. ಒಂದೂವರೆ ಕಿಲೋಮೀಟರ್ ಕೂಡ ಸಾಗಲಿಲ್ಲ. ದಡದಲ್ಲಿ ಜನ ನೋಡುತ್ತಿದ್ದಂತೆಯೇ ಮುಳುಗಿತು. ಸುಮಾರು 30 ಜನ ಸತ್ತರು. ಬಾಲ್ಟಿಕ್ ನೀರಿನಲ್ಲಿ ಉಪ್ಪು ಕಡಿಮೆ, ಮರ ತಿನ್ನುವ ಕಡಲ ಹುಳ ಅಲ್ಲಿ ಬದುಕುವುದಿಲ್ಲ. ಅದಕ್ಕೇ 1961ರಲ್ಲಿ ಮೇಲೆತ್ತಿದಾಗ ಹಡಗು ಹಡಗಾಗಿಯೇ ಇತ್ತು. ಇಷ್ಟೆಲ್ಲ ಇರುವ ಕಡೆ ಮನಮೋಹಕ ಅಂದರೆ ಓದುವವನಿಗೆ ಏನು ಸಿಗುತ್ತದೆ?

‘ಗಮ್ಲಾ ಸ್ತಾನ್‌ನ ಮನಮೋಹಕ ಓಣಿಗಳು.’ ಆ ಹಳೇ ಪಟ್ಟಣದ ಅತಿ ಇಕ್ಕಟ್ಟಿನ ಓಣಿ ಒಂದು ಕಡೆ 90 ಸೆಂಟಿಮೀಟರ್ ಅಗಲ, ಮೇಲೆ ಮೆಟ್ಟಿಲು ಬೇರೆ. ಎದುರಿಗೆ ಯಾರಾದರೂ ಬಂದರಾ? ಯಾರು ಪಕ್ಕಕ್ಕೆ ಸರಿದರು? ಅಮ್ಮ ಹತ್ತಿದರಾ, ಕೆಳಗೇ ನಿಂತರಾ?

ನಾನೂ ಹೀಗೇ ಬರೆಯುತ್ತಿದ್ದೆ. ಇಪ್ಪತ್ತೆರಡರ ವಯಸ್ಸಿನಲ್ಲಿ ಹುಬ್ಬಳ್ಳಿಯ ಒಂದು ವಾರಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದೆ. ಲಕ್ಕುಂಡಿಯ ಕಾಶಿ ವಿಶ್ವನಾಥ ಗುಡಿ ನೋಡಿ ಬಂದು ನಾಲ್ಕು ಪುಟ ಬರೆದೆ. ಹಿರಿಯ ಉಪಸಂಪಾದಕರು ಓದಿ ಒಂದೇ ಮಾತು ಕೇಳಿದರು: ‘ಬಾಗಿಲ ಮುಂದ ಎಷ್ಟೊತ್ತು ನಿಂತಿದ್ದಿ?’ ಐದು ನಿಮಿಷ ಅಂದೆ. ಅವರು ಹಾಳೆ ವಾಪಸ್ ಕೊಟ್ಟರು. ಮುಂದಿನ ಭಾನುವಾರ ಗದಗಿನ ಬಸ್ಸು ಹತ್ತಿದೆ. ಮಧ್ಯಾಹ್ನದವರೆಗೂ ಆ ಬಾಗಿಲ ಎದುರು ಕೂತೆ. ಬಿಸಿಲು ಏರಿದಂತೆ ಕೆತ್ತನೆಯೊಳಗಿನ ನೆರಳು ಸರಿಯುತ್ತಾ ಹೋಯಿತು. ಬೆಳಿಗ್ಗೆ ಕಾಣದ ಬಳ್ಳಿಯೊಂದು ಹನ್ನೊಂದರ ಹೊತ್ತಿಗೆ ಕಂಡಿತು. ನಾಲ್ಕು ಪುಟ ಹೋಯಿತು, ಬಳ್ಳಿಯ ಹತ್ತು ಸಾಲು ಅಚ್ಚಾಯಿತು. ಅಷ್ಟು ಖುಷಿ ಆಮೇಲೆ ಯಾವ ಬರಹಕ್ಕೂ ಆಗಿಲ್ಲ.

ನಿಮ್ಮ ಲೇಖನದಲ್ಲೂ ಅಂಥ ಬಳ್ಳಿ ಇದೆ. ಎರಡನೇ ಪುಟದ ಕೊನೆಗೆ: ‘ರಾತ್ರಿ ಒಂಬತ್ತಾದರೂ ಬಿಸಿಲು. ಅಮ್ಮ ಕಿಟಕಿ ಹತ್ತಿರ ನಿಂತು, ದೀಪ ಹಚ್ಚೋದು ಯಾವಾಗೇ ಅಂದಳು.’

ಓದಿ ಎದ್ದು ಓಡಾಡಿಬಿಟ್ಟೆ. ಜೂನ್ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗುವಾಗ ಹತ್ತು ದಾಟಿರುತ್ತದೆ, ಬೆಳಗಿನ ಮೂರೂವರೆಗೆಲ್ಲ ಮತ್ತೆ ಹುಟ್ಟುತ್ತಾನೆ. ನಡುವೆಯೂ ಪೂರ್ತಿ ಕತ್ತಲೆ ಇಲ್ಲ. ಇದನ್ನು ಯಾರು ಬೇಕಾದರೂ ಬರೆಯಬಹುದು. ದಿನಾ ಮುಸ್ಸಂಜೆಗೆ ದೀಪ ಹಚ್ಚಿದ ಹೆಂಗಸು ಮುಸ್ಸಂಜೆಗೆ ಕಾಯುತ್ತಾ ನಿಂತದ್ದನ್ನು ನೀವೊಬ್ಬರೇ ನೋಡಿದ್ದೀರಿ. ನೋಡಿ ಏನು ಮಾಡಿದಿರಿ? ಮುಂದಿನ ಸಾಲಿಗೇ ನಗರಸಭೆ ಕಟ್ಟಡದ ಸ್ವರ್ಣ ಸಭಾಂಗಣದ ಗೋಡೆಯ 1.8 ಕೋಟಿ ಚಿನ್ನದ ತುಣುಕುಗಳಿಗೆ ಹಾರಿದಿರಿ. ಅಮ್ಮ ಮತ್ತೆ ಎಲ್ಲೂ ಬರಲೇ ಇಲ್ಲ.

ಚಿನ್ನ ಇರಲಿ. ಆ ಕಿಟಕಿಗೆ ವಾಪಸ್ ಹೋಗಿ. ನೀವೇನು ಉತ್ತರ ಕೊಟ್ಟಿರಿ? ಅವರು ಎಷ್ಟೊತ್ತು ಅಲ್ಲೇ ನಿಂತಿದ್ದರು? ಆ ರಾತ್ರಿ ದೀಪ ಹಚ್ಚಿದರಾ? ನೆನಪಿಲ್ಲದಿದ್ದರೆ ಅಮ್ಮನನ್ನೇ ಕೇಳಿ. ಒಂದೇ ಪುಟ ಆದರೂ ಸಾಕು, ಬರೆದು ಕಳಿಸಿ. ಕಾಯುತ್ತಿರುತ್ತೇನೆ.