ಕಾರ್ಡು ಹುಟ್ಟುವ ಮೊದಲೇ ಕುಲಾವಿ

ಈ ಸಲದ ಓಲೆಗಳಲ್ಲಿ ಬಹುಪಾಲು ಒಂದೇ ವಿಷಯದ ಸುತ್ತ ಇವೆ: ಮುಂದೆ ಬರಲಿರುವ ದೊಡ್ಡ ಗ್ರಾಫಿಕ್ಸ್ ಕಾರ್ಡುಗಳ (ಕಂಪ್ಯೂಟರಿನಲ್ಲಿ ಗೇಮ್, ವಿಡಿಯೋ ಚಿತ್ರ ಮೂಡಿಸುವ ಕಾರ್ಡು) ಬಿಡುಗಡೆ ಬೆಲೆ ಎಷ್ಟಾಗಬಹುದು, ಅಲ್ಲಿಯವರೆಗೆ ಕಾಯಬೇಕೆ, ದುಡ್ಡು ಎಷ್ಟು ಕೂಡಿಡಬೇಕು. ಒಂದೇ ಧಾಟಿಯವನ್ನು ಬಿಟ್ಟು ಐದನ್ನು ಆರಿಸಿದ್ದೇವೆ.

ಪ್ರಶ್ನೆ: ಎನ್ವಿಡಿಯಾದ ಮುಂದಿನ ತಲೆಮಾರಿನ ಅತಿ ದೊಡ್ಡ ಕಾರ್ಡು ಭಾರತದಲ್ಲಿ ಎಷ್ಟಕ್ಕೆ ಬರಬಹುದು? ಒಬ್ಬರು ಎರಡು ಲಕ್ಷ ಅಂತಾರೆ, ಇನ್ನೊಬ್ಬರು ನಾಲ್ಕು ಲಕ್ಷ ಅಂತಾರೆ. ನಾವೇ ಲೆಕ್ಕ ಹಾಕಿಕೊಳ್ಳುವ ದಾರಿ ಇದೆಯೇ?
(ಇಂಜಿನಿಯರಿಂಗ್ ವಿದ್ಯಾರ್ಥಿ, ಉದ್ಯಮಬಾಗ, ಬೆಳಗಾವಿ)

ಉತ್ತರ: ಇದೆ. ಊಹೆಯನ್ನು ಎರಡು ತುಂಡು ಮಾಡಿಕೊಳ್ಳಿ. ಅಮೆರಿಕದ ಡಾಲರ್ ಬೆಲೆ ಎಷ್ಟಾಗುತ್ತದೆ ಎಂಬುದು ಒಂದು, ಆ ಡಾಲರ್ ನಮ್ಮಲ್ಲಿ ಎಷ್ಟು ರೂಪಾಯಿ ಆಗುತ್ತದೆ ಎಂಬುದು ಇನ್ನೊಂದು. ಜನ ಎರಡನ್ನೂ ಕಲಸಿಬಿಡುತ್ತಾರೆ, ಅದಕ್ಕೇ ಎರಡು ಲಕ್ಷಕ್ಕೂ ನಾಲ್ಕು ಲಕ್ಷಕ್ಕೂ ಜಗಳ.

ಎರಡನೆಯದು ಸುಲಭ, ಅದನ್ನೇ ಮೊದಲು ಮುಗಿಸೋಣ. 2025ರ ಜನವರಿಯಲ್ಲಿ ಎನ್ವಿಡಿಯಾ ಕಂಪನಿಯ 50 ಸರಣಿಯ ಕಾರ್ಡುಗಳು ಬಂದಾಗ ಅತಿ ದೊಡ್ಡದಾದ 5090ರ ಬೆಲೆ 1,999 ಡಾಲರ್, ಭಾರತದಲ್ಲಿ 2,14,000 ರೂಪಾಯಿ. 5080 ಅಲ್ಲಿ 999, ಇಲ್ಲಿ 1,07,000. 5070 ಟಿಐ ಅಲ್ಲಿ 749, ಇಲ್ಲಿ 80,000. ಭಾಗಿಸಿ ನೋಡಿ: ಮೂರಕ್ಕೂ ಡಾಲರಿಗೆ ಸುಮಾರು 107 ರೂಪಾಯಿ ಬೀಳುತ್ತದೆ. ಆಗ ಡಾಲರಿನ ದರ 86ರ ಆಸುಪಾಸು. ಅಮೆರಿಕದಲ್ಲಿ ಹೇಳುವ ಬೆಲೆಯಲ್ಲಿ ಮಾರಾಟ ತೆರಿಗೆ ಸೇರಿರುವುದಿಲ್ಲ, ನಮ್ಮಲ್ಲಿ 18% ಜಿಎಸ್‌ಟಿ ಸೇರಿಸಿಯೇ ಹೇಳುತ್ತಾರೆ. 86ಕ್ಕೆ 18% ಕೂಡಿಸಿದರೆ 101 ಚಿಲ್ಲರೆ. ಉಳಿದ ಐದಾರು ರೂಪಾಯಿ ಸಾಗಣೆ, ವಿತರಕರ ಪಾಲು, ಡಾಲರ್ ಏರಿದರೆ ಇರಲಿ ಎಂದು ಇಟ್ಟುಕೊಂಡ ಅಂತರ. 2022ರ 4090ಕ್ಕೂ ಇದೇ ಲೆಕ್ಕ ಕೂಡುತ್ತದೆ: 1,599 ಡಾಲರ್, 1,55,000 ರೂಪಾಯಿ, ಅಂದರೆ ಡಾಲರಿಗೆ 97, ಬೆಲೆ ಸಾರಿದಾಗ ಡಾಲರ್ 80ರ ಹತ್ತಿರ ಇತ್ತು. ಹಾಗಾಗಿ ಸೂತ್ರ ಇಷ್ಟೇ: ಅಂದಿನ ಡಾಲರ್ ದರ ಗುಣಿಸು 1.18, ಅದರ ಮೇಲೆ 3ರಿಂದ 5%. ಡಾಲರ್ 90 ಇದ್ದರೆ ಗುಣಕ 111 ಎಂದು ಹಿಡಿಯಿರಿ.

ಈಗ ಕಷ್ಟದ ತುಂಡು. ಸರಣಿಯ ತುತ್ತತುದಿಯ ಕಾರ್ಡಿನ ಬೆಲೆ ಹೀಗೆ ಏರಿದೆ: 2017ರಲ್ಲಿ 1080 ಟಿಐ 699 ಡಾಲರ್, 2018ರಲ್ಲಿ 2080 ಟಿಐ 999, ಅದರದೇ ಫೌಂಡರ್ಸ್ ಎಡಿಷನ್ (ಎನ್ವಿಡಿಯಾ ತನ್ನದೇ ಹೆಸರಲ್ಲಿ ಮಾರುವ ಕಾರ್ಡು) 1,199, 2020ರಲ್ಲಿ 3090 1,499, 2022ರಲ್ಲಿ 4090 1,599, 2025ರಲ್ಲಿ 5090 1,999. ಈ ಸಾಲಿನಲ್ಲಿ ಒಮ್ಮೆಯೂ ಇಳಿದಿಲ್ಲ. ಅದರ ಕೆಳಗಿನ 80ರ ಮೆಟ್ಟಿಲು, ಅಂದರೆ ಹೆಸರಿನಲ್ಲಿ 80 ಇರುವ ಕಾರ್ಡುಗಳು, ಬೇರೆ ಕಥೆ ಹೇಳುತ್ತದೆ. 3080 699ಕ್ಕೆ ಬಂತು, 4080 ಒಮ್ಮೆಲೇ 1,199ಕ್ಕೆ ಜಿಗಿಯಿತು, ಗಿರಾಕಿ ಮುಖ ತಿರುಗಿಸಿದ. 2024ರ ಜನವರಿಯಲ್ಲಿ 4080 ಸೂಪರ್ 999ಕ್ಕೆ ಇಳಿಯಿತು, 5080 ಅಲ್ಲೇ ನಿಂತಿತು. ಅಂದರೆ 80ರ ಮೆಟ್ಟಿಲಲ್ಲಿ ಗಿರಾಕಿಗೆ ಒಂದಿಷ್ಟು ಬಲ ಇದೆ. ತುದಿಯಲ್ಲಿ ಇಲ್ಲ, ಏಕೆಂದರೆ 5090ಕ್ಕೆ ಎದುರಾಗಿ ಪ್ರತಿಸ್ಪರ್ಧಿ ಕಂಪನಿ ಎಎಂಡಿ ಏನನ್ನೂ ಇಳಿಸಲೇ ಇಲ್ಲ. ಅವರ 9070 ಎಕ್ಸ್‌ಟಿ 599 ಡಾಲರಿನ ಕಣಕ್ಕೆ ಬಂದದ್ದು.

ಚಿಪ್ಪಿನ ಗಾತ್ರವನ್ನೂ ನೋಡಿ. 5090ರ ಚಿಪ್ಪು ಸುಮಾರು 750 ಚದರ ಮಿ.ಮೀ., 5080ರದ್ದು ಸುಮಾರು 378. 300 ಮಿ.ಮೀ. ಅಡ್ಡಗಲದ ಸಿಲಿಕಾನ್ ಬಿಲ್ಲೆಯೊಂದರಲ್ಲಿ ದೊಡ್ಡದು ಹೆಚ್ಚೆಂದರೆ 70 ಕೂತೀತು, ಚಿಕ್ಕದು 150. ಚೌಕಾಕಾರದ ಚಿಪ್ಪು ದುಂಡು ಬಿಲ್ಲೆಯಲ್ಲಿ ಕೂರಬೇಕು, ಅಂಚಿನದೆಲ್ಲ ವ್ಯರ್ಥ. ದೊಡ್ಡ ಚಿಪ್ಪಿಗೆ ವ್ಯರ್ಥ ಹೆಚ್ಚು. ಮೇಲಾಗಿ ಬಿಲ್ಲೆಯ ಮೇಲಿನ ಒಂದು ಸಣ್ಣ ದೋಷ ದೊಡ್ಡ ಚಿಪ್ಪನ್ನು ಕೆಡಿಸುವ ಸಾಧ್ಯತೆಯೂ ಹೆಚ್ಚು. ಗಾತ್ರ ಇಮ್ಮಡಿಯಾದರೆ ವೆಚ್ಚ ಇಮ್ಮಡಿಗಿಂತ ಜಾಸ್ತಿಯಾಗುವುದು ಹೀಗೆ. ಇದರ ಮೇಲೆ ಮೆಮೊರಿ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಮೂವರೇ ಇದನ್ನು ದೊಡ್ಡ ಮಟ್ಟದಲ್ಲಿ ಮಾಡುವವರು, ಮೂವರ ಕಣ್ಣೂ ಎಐ ಸರ್ವರುಗಳ ಮೆಮೊರಿ ಮೇಲಿದೆ.

ನಮ್ಮ ಅಂದಾಜು ಕೇಳಿದರೆ: ತುದಿಯ ಕಾರ್ಡು 1,999ಕ್ಕಿಂತ ಕೆಳಗೆ ಬರುವುದಿಲ್ಲ, 2,499ರವರೆಗೆ ಹೋದರೆ ಅಚ್ಚರಿಯಿಲ್ಲ. ಡಾಲರ್ 90ರ ಲೆಕ್ಕದಲ್ಲಿ ಅದು ಸುಮಾರು 2.22 ಲಕ್ಷದಿಂದ 2.77 ಲಕ್ಷ. 80ರ ಮೆಟ್ಟಿಲು 999 ಮತ್ತು 1,199ರ ನಡುವೆ, ಅಂದರೆ 1.11ರಿಂದ 1.33 ಲಕ್ಷ. ನಾಲ್ಕು ಲಕ್ಷ ಅನ್ನುವವರು ಬಿಡುಗಡೆ ಬೆಲೆಯನ್ನಲ್ಲ, ಅಭಾವದ ಬೆಲೆಯನ್ನು ಹೇಳುತ್ತಿದ್ದಾರೆ.

ಪ್ರಶ್ನೆ: ಬಿಡುಗಡೆಗೆ ತಿಂಗಳುಗಟ್ಟಲೆ ಮೊದಲೇ ಬೆಲೆ ಸೋರಿಕೆಯಾಗಿದೆ ಎಂದು ಬರುತ್ತದಲ್ಲ, ನಂಬಬಹುದೇ?
(ಓದುಗ, ಗೋಕಾಕ)

ಉತ್ತರ: ವಾಟ್, ಮೆಮೊರಿ, ಕೋರ್ ಎಣಿಕೆ ಸೋರಿಕೆಯಾದರೆ ಕಿವಿಗೊಡಿ, ಸರ್ಕ್ಯೂಟ್ ಬೋರ್ಡು ಕೈಯಿಂದ ಕೈಗೆ ದಾಟುವಾಗ ಅವು ನಿಜಕ್ಕೂ ಹೊರಬೀಳುತ್ತವೆ. ಬೆಲೆಗೆ ಬೇಡ. ಅದು ಕೊನೆಯ ಗಳಿಗೆಯವರೆಗೂ ಬರೀ ಒಂದು ಅಂಕಿ, ಅಳಿಸಿ ಬರೆಯಬಹುದು. 2019ರಲ್ಲಿ ಎಎಂಡಿ 5700 ಎಕ್ಸ್‌ಟಿಗೆ 449 ಡಾಲರ್ ಎಂದು ವೇದಿಕೆಯ ಮೇಲೆಯೇ ಸಾರಿ, ಅಂಗಡಿಗೆ ಬರುವ ಎರಡು ದಿನ ಮೊದಲು 399ಕ್ಕೆ ಇಳಿಸಿತು. 2022ರಲ್ಲಿ ಎನ್ವಿಡಿಯಾ 12 ಜಿಬಿಯ 4080ಯನ್ನು 899ಕ್ಕೆ ಘೋಷಿಸಿ, ಟೀಕೆ ಬಂದ ಮೇಲೆ ಹಿಂದಕ್ಕೆ ಪಡೆದು, ಮರುವರ್ಷದ ಜನವರಿಯಲ್ಲಿ 4070 ಟಿಐ ಎಂಬ ಹೆಸರಲ್ಲಿ 799ಕ್ಕೆ ಕೊಟ್ಟಿತು. ಸಾರಿದವರೇ ಬದಲಿಸುವಾಗ ಸೋರಿದ್ದಕ್ಕೆ ಏನು ಬೆಲೆ.

ಪ್ರಶ್ನೆ: ಸರ, ನಮ್ದು ಮದುವಿ ವಿಡಿಯೋ ಕೆಲಸರಿ. ಸೋನಿ ಕ್ಯಾಮೆರಾದಾಗ 4:2:2 10 ಬಿಟ್ ಶೂಟ್ ಮಾಡ್ತೀವಿ. ಟೈಮ್‌ಲೈನ್ ಜಗ್ಗಿದ್ರ ಕಂಪ್ಯೂಟರ್ ನಿಂತ ಬಿಡ್ತೈತಿ. ಈಗ 3060 ಕಾರ್ಡ್ ಐತಿ. ಮುಂದಿನ ದೊಡ್ಡ ಕಾರ್ಡ್ ಬರೂತನಕ ಕಾಯಬೇಕೋ, ಈಗ ತಗೋಬೇಕೋ?
(ಸ್ಟುಡಿಯೋ ಮಾಲೀಕರು, ಸಿಂದಗಿ, ವಿಜಯಪುರ ಜಿಲ್ಲೆ)

ಉತ್ತರ: ಕಾಯಬ್ಯಾಡ್ರಿ. ದೊಡ್ಡ ಕಾರ್ಡೂ ನಿಮಗೆ ಬೇಕಾಗಿಲ್ಲ. ನಿಮ್ಮ ತೊಂದರೆ ಕಾರ್ಡಿನ ಶಕ್ತಿಯದಲ್ಲ, ಅದರೊಳಗಿನ ವಿಡಿಯೋ ಬಿಡಿಸುವ ಭಾಗದ್ದು. 3060ಕ್ಕೆ 4:2:2 ಫೈಲನ್ನು (ಬಣ್ಣದ ವಿವರ ಹೆಚ್ಚು ಉಳಿಸಿಕೊಂಡ ವಿಡಿಯೋ) ತಾನಾಗಿ ಬಿಡಿಸಲು ಬರುವುದಿಲ್ಲ, ಆ ಹೊರೆಯೆಲ್ಲ ಪ್ರೊಸೆಸರ್ ಮೇಲೆ ಬೀಳುತ್ತದೆ, ಟೈಮ್‌ಲೈನ್ ಮುಗ್ಗರಿಸುತ್ತದೆ. 4090 ಹಾಕಿದ್ದರೂ ಇದೇ ಪಾಡು. ಎಚ್.264, ಎಚ್.265 ಎಂಬ ವಿಡಿಯೋ ಅದುಮಿಡುವ ವಿಧಾನಗಳೆರಡರ 4:2:2 ಬಿಡಿಸುವ ಸೌಲಭ್ಯವನ್ನು ಎನ್ವಿಡಿಯಾ ಕೊಟ್ಟದ್ದು 50 ಸರಣಿಯಲ್ಲಿ, ಅದೂ ತುದಿಯ ಕಾರ್ಡಿಗಷ್ಟೇ ಅಲ್ಲ.

ದುಡ್ಡು ಬಿಚ್ಚುವ ಮೊದಲು ಒಂದು ಪುಕ್ಕಟೆ ಪರೀಕ್ಷೆ ಮಾಡಿ. ನಿಮ್ಮದು ಇಂಟೆಲ್‌ನ 11ನೇ ತಲೆಮಾರು ಅಥವಾ ಆಮೇಲಿನ ಪ್ರೊಸೆಸರ್ ಆಗಿದ್ದು, ಹೆಸರಿನ ಕೊನೆಗೆ ಎಫ್ ಅಕ್ಷರ ಇಲ್ಲದಿದ್ದರೆ ಅದರೊಳಗೇ ಗ್ರಾಫಿಕ್ಸ್ ಇದೆ. ಬಯೋಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟಿಂಗ್) ಅದನ್ನು ಚಾಲೂ ಮಾಡಿ, ಡ್ರೈವರ್ ಹಾಕಿ, ಎಡಿಟಿಂಗ್ ಸಾಫ್ಟ್‌ವೇರಿನ ಡಿಕೋಡಿಂಗ್ ಆಯ್ಕೆಯಲ್ಲಿ ಇಂಟೆಲ್ ಟಿಕ್ ಮಾಡಿ. ಕ್ಯಾಮೆರಾದಲ್ಲಿ ಎಕ್ಸ್‌ಎವಿಸಿ ಎಚ್‌ಎಸ್ ಆರಿಸಿ ಶೂಟ್ ಮಾಡಿದ ತುಣುಕು, ಅಂದರೆ ಎಚ್.265, ಸರಾಗವಾಗಿ ಓಡಬೇಕು. ಎಕ್ಸ್‌ಎವಿಸಿ ಎಸ್ ಎಚ್.264 ಆದ್ದರಿಂದ ಅದಕ್ಕೆ ಈ ಉಪಾಯ ನಡೆಯುವುದಿಲ್ಲ.

ಇದರಿಂದಲೂ ಆಗದಿದ್ದರೆ 5070 ಟಿಐ ಸಾಕು. ಜಿಎಸ್‌ಟಿ ನೋಂದಣಿ ಇದ್ದು ಕಾಂಪೊಸಿಷನ್ ಸ್ಕೀಮಿನಲ್ಲಿ (ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಕಡಿಮೆ ದರದ ತೆರಿಗೆ ಕಟ್ಟುವ ಪದ್ಧತಿ) ಇಲ್ಲದಿದ್ದರೆ ಬಿಲ್ಲಿನ ಮೇಲೆ ನಿಮ್ಮ ಜಿಎಸ್‌ಟಿ ನಂಬರ್ ಬರೆಸಿ. 80,000ದ ಕಾರ್ಡಿನಲ್ಲಿ ತೆರಿಗೆ 12,203 ರೂಪಾಯಿ, ಅದು ನಿಮ್ಮ ಇನ್‌ಪುಟ್ ಲೆಕ್ಕಕ್ಕೆ ಬರುತ್ತದೆ, ಅಂದರೆ ನೀವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಮಹಾರಾಷ್ಟ್ರದ ಸೋಲಾಪುರ, ಕೊಲ್ಹಾಪುರದಿಂದ ತರಿಸಿಕೊಂಡರೂ ತೆರಿಗೆ ಅದೇ 18%; ಆಗ ಐಜಿಎಸ್‌ಟಿ (ರಾಜ್ಯದಿಂದ ರಾಜ್ಯಕ್ಕೆ ಹೋಗುವ ಸರಕಿನ ಜಿಎಸ್‌ಟಿ) ಎಂದು ಒಂದೇ ಸಾಲಿನಲ್ಲಿ ಬರುತ್ತದೆ, ಅಷ್ಟೇ ವ್ಯತ್ಯಾಸ.

ಪ್ರಶ್ನೆ: ದೊಡ್ಡ ಕಾರ್ಡು ಕೊಳ್ಳಲು ದುಡ್ಡು ಜೋಡಿಸುತ್ತಿದ್ದೇನೆ. ಕಾರ್ಡಿನ ಬೆಲೆ ಬಿಟ್ಟು ಇನ್ನೆಷ್ಟು ಖರ್ಚು? ನಮ್ಮಲ್ಲಿ ಬೇಸಿಗೆಯಲ್ಲಿ ವೋಲ್ಟೇಜ್ ಬಹಳ ಇಳಿಯುತ್ತದೆ. ಮನೆಯಲ್ಲಿ 1 ಕೆವಿಎ ಯುಪಿಎಸ್ ಇದೆ.
(ಓದುಗ, ಜಮಖಂಡಿ, ಬಾಗಲಕೋಟೆ ಜಿಲ್ಲೆ)

ಉತ್ತರ: ಇದನ್ನು ಯಾರೂ ಮೊದಲು ಕೇಳುವುದಿಲ್ಲ, ಕಾರ್ಡು ಮನೆಗೆ ಬಂದ ಮೇಲೆ ಕೇಳುತ್ತಾರೆ. 5090ಯನ್ನೇ ಮಾದರಿ ಇಟ್ಟುಕೊಳ್ಳೋಣ, ಮುಂದಿನದು ಇದಕ್ಕಿಂತ ಕಡಿಮೆ ಉಣ್ಣುತ್ತದೆಂದು ನಂಬಿ ಕೂರಬೇಡಿ. ಕಾರ್ಡು 575 ವಾಟ್, ಪ್ರೊಸೆಸರ್ 200, ಫ್ಯಾನ್, ಡಿಸ್ಕ್, ಬೋರ್ಡು ಸೇರಿ 75. ಒಟ್ಟು 850. ಪವರ್ ಸಪ್ಲೈ 90% ದಕ್ಷತೆಯದಾದರೆ ಗೋಡೆಯಿಂದ ಎಳೆಯುವುದು 940 ವಾಟ್ ಹತ್ತಿರ. ಎನ್ವಿಡಿಯಾ ಹೇಳುವುದೇ 1,000 ವಾಟ್ ಸಪ್ಲೈ, ಏಕೆಂದರೆ ಕ್ಷಣಮಾತ್ರದ ಜಿಗಿತಗಳು 575ನ್ನು ಮೀರುತ್ತವೆ.

ನಿಮ್ಮ 1 ಕೆವಿಎ ಯುಪಿಎಸ್ ಸಾಮಾನ್ಯವಾಗಿ 600 ವಾಟ್‌ನದು. ಹಿಂದಿನ ಚೀಟಿ ನೋಡಿ, ವಿಎ ಬೇರೆ, ವಾಟ್ ಬೇರೆ. ಗೇಮ್ ಶುರುವಾದ ಕೂಡಲೇ ಅದು ಕಿರುಚುತ್ತದೆ, ಕರೆಂಟ್ ಹೋದರೆ ಮಷೀನ್ ಜೊತೆಗೇ ಮಲಗುತ್ತದೆ. 1,200 ವಾಟ್ ಮೇಲಿನ, ಶುದ್ಧ ಸೈನ್ ಅಲೆ, ಅಂದರೆ ಗೋಡೆಯ ಕರೆಂಟಿನಂಥ ನಯವಾದ ಅಲೆ ಕೊಡುವ ಯುಪಿಎಸ್ ಬೇಕು. ಅಗ್ಗದವು ಕೊಡುವ ಮೆಟ್ಟಿಲು ಅಲೆಗೆ ಇಂದಿನ ಪವರ್ ಸಪ್ಲೈಗಳು ಒಮ್ಮೊಮ್ಮೆ ಬ್ಯಾಟರಿಗೆ ಬದಲಾಗುವ ಗಳಿಗೆಯಲ್ಲೇ ಆಫ್ ಆಗುತ್ತವೆ.

ವೋಲ್ಟೇಜ್ ಇಳಿದರೆ ಸಪ್ಲೈ ಸುಡುವುದಿಲ್ಲ, 100ರಿಂದ 240 ವೋಲ್ಟ್ ತಡೆಯುವಂಥದ್ದೇ ಹೆಚ್ಚು. ಆದರೆ ವೋಲ್ಟೇಜ್ ಇಳಿದಷ್ಟೂ ಆಂಪಿಯರ್ ಏರುತ್ತದೆ. 230 ವೋಲ್ಟ್‌ನಲ್ಲಿ 4.1 ಆಂಪಿಯರ್ ಎಳೆಯುತ್ತಿದ್ದದ್ದು 180 ವೋಲ್ಟ್‌ನಲ್ಲಿ 5.2 ಎಳೆಯುತ್ತದೆ. ಅದೇ 6 ಆಂಪಿಯರ್ ಸಾಕೆಟ್ಟಿನ ಎಕ್ಸ್‌ಟೆನ್ಷನ್ ಬೋರ್ಡಿಗೆ ಮಾನಿಟರ್, ಸ್ಪೀಕರ್, ಟೇಬಲ್ ಫ್ಯಾನ್ ಸಿಕ್ಕಿಸಿದರೆ ಬೋರ್ಡು ಬಿಸಿಯಾಗಿ ಕರಗಬಹುದು. ಕಂಪ್ಯೂಟರಿಗೆ ಪ್ರತ್ಯೇಕ ಲೈನ್ ಎಳೆಸಿ, ಅರ್ಥಿಂಗ್ ಇದೆಯೇ ಎಂದು ವೈರ್‌ಮನ್ ಕೈಯಲ್ಲಿ ಮೀಟರ್ ಹಿಡಿಸಿ ನೋಡಿ.

ಕಾರ್ಡಿಗೆ ಕರೆಂಟ್ ಕೊಡುವ 16 ಪಿನ್ ಕನೆಕ್ಟರ್ ಬಗ್ಗೆ ಎಚ್ಚರ. 575 ವಾಟ್ ಅಂದರೆ 12 ವೋಲ್ಟ್‌ನಲ್ಲಿ 48 ಆಂಪಿಯರ್, ಆರು ತಂತಿಗೆ ಹಂಚಿದರೆ ತಲಾ 8. ಒಂದು ಪಿನ್ ತಡೆಯುವುದು 9.5ರ ಆಸುಪಾಸು, ಅಂದರೆ ಎಡೆ ಬಹಳ ಕಡಿಮೆ. ಒಂದೆರಡು ಪಿನ್ ಸಡಿಲವಾದರೆ ಉಳಿದವು ಹೊರೆ ಹೊತ್ತು ಬಿಸಿಯೇರುತ್ತವೆ, ಪ್ಲಾಸ್ಟಿಕ್ ಕರಗುವುದು ಹೀಗೆ. ಮಷೀನ್ ಆಫ್ ಮಾಡಿ, ನೇರಕ್ಕೆ ಒತ್ತಿ, ಕನೆಕ್ಟರಿಗೂ ಸಾಕೆಟ್ಟಿಗೂ ನಡುವೆ ಗೆರೆಯಷ್ಟೂ ಸಂದು ಕಾಣಬಾರದು. ಬುಡದಿಂದ 35 ಮಿ.ಮೀ. ತನಕ ತಂತಿಯನ್ನು ಬಗ್ಗಿಸಬೇಡಿ. ಹಳೆಯ ಸಪ್ಲೈಗೆ ಅಡಾಪ್ಟರ್ ಹಾಕುವುದಕ್ಕಿಂತ ಈ ಕನೆಕ್ಟರಿನ ಸುಧಾರಿತ ರೂಪವಾದ 12ವಿ-2x6 ತಂತಿ ಇರುವ, ಎಟಿಎಕ್ಸ್ 3.1 ಮಾನದಂಡದ ಸಪ್ಲೈ ಕೊಳ್ಳುವುದು ಮೇಲು.

ಇನ್ನು ಸೆಖೆ. 940 ವಾಟ್ ಅಂದರೆ ಒಂದು ಕಾಯಿಲ್ ಹೀಟರ್ ಸರಿಸಮ, ಮೇ ತಿಂಗಳಲ್ಲಿ 40 ಡಿಗ್ರಿಯ ಕೋಣೆಯೊಳಗೆ. ದಿನಕ್ಕೆ 4 ತಾಸು ಓಡಿಸಿದರೆ ತಿಂಗಳಿಗೆ ಸುಮಾರು 113 ಯುನಿಟ್, ಹೆಸ್ಕಾಂ ಬಿಲ್ಲಿನಲ್ಲಿ ಎದ್ದು ಕಾಣುತ್ತದೆ. ಕಾರ್ಡಿನ ಶಕ್ತಿಮಿತಿಯನ್ನು ಸಾಫ್ಟ್‌ವೇರಿನಲ್ಲಿ 80%ಕ್ಕೆ ಇಳಿಸಿ ನೋಡಿ; ವೇಗ ಅಷ್ಟೇ ಪ್ರಮಾಣದಲ್ಲಿ ಬೀಳುವುದಿಲ್ಲ, ಸೆಖೆ ಮಾತ್ರ ಥಟ್ಟನೆ ಇಳಿಯುತ್ತದೆ.

ಪ್ರಶ್ನೆ: ಹೊಸ ಕಾರ್ಡು ಘೋಷಣೆಯಾದ ದಿನವೇ ಅಂಗಡಿಯವರಿಗೆ ಮುಂಗಡ ಕೊಟ್ಟರೆ ಘೋಷಿತ ಬೆಲೆಗೆ ಸಿಗುತ್ತದೆಯೇ?
(ಓದುಗ, ಟಿಳಕವಾಡಿ, ಬೆಳಗಾವಿ)

ಉತ್ತರ: ಸಿಗುವುದು ಕಷ್ಟ. ಘೋಷಿತ ಬೆಲೆ ಕಟ್ಟುನಿಟ್ಟಾಗಿ ಅನ್ವಯಿಸುವುದು ಎನ್ವಿಡಿಯಾದ ಸ್ವಂತ ಫೌಂಡರ್ಸ್ ಎಡಿಷನ್ನಿಗೆ. ಬೇರೆ ಬ್ರಾಂಡುಗಳು ದಪ್ಪ ಹೀಟ್‌ಸಿಂಕ್, ಕಾರ್ಖಾನೆಯಲ್ಲೇ ಏರಿಸಿದ ವೇಗ ಎಂದು ಮೇಲೆ ಮೇಲೆ ಇಡುತ್ತವೆ. 5090 ನಮ್ಮ ದೇಶದ ಅಂಗಡಿಗಳಲ್ಲಿ 2.14 ಲಕ್ಷ ಬಿಟ್ಟು ಎರಡೂವರೆ ಲಕ್ಷ ದಾಟಿದ್ದು ಹೀಗೆಯೇ. ಇಷ್ಟು ದುಬಾರಿ ಕಾರ್ಡನ್ನು ನಮ್ಮ ಕಡೆಯ ಅಂಗಡಿಗಳು ಸಾಮಾನ್ಯವಾಗಿ ಆರ್ಡರ್ ಮೇಲೆಯೇ ತರಿಸುವುದು. ಮೊದಲ ಸರಕು ಬೆಂಗಳೂರು, ಪುಣೆ ಮುಟ್ಟಿ ಇಲ್ಲಿಗೆ ಬರುವಷ್ಟರಲ್ಲಿ ಮದರ್‌ಬೋರ್ಡು, ಸಪ್ಲೈ ಸೇರಿಸಿ ಕಾಂಬೊ ಆಗಿರುತ್ತದೆ. ಬೇಡದ ಮದರ್‌ಬೋರ್ಡನ್ನು ಯಾವ ಬೆಲೆಗೆ ಮಾರಬಲ್ಲಿರಿ ಎಂಬುದನ್ನು ಕಳೆದು ಕಾರ್ಡಿನ ನಿಜ ಬೆಲೆ ಲೆಕ್ಕ ಹಾಕಿ.

ಮುಂಗಡ ಕೊಡುವುದಾದರೆ ರಸೀದಿಯಲ್ಲಿ ಪೂರ್ತಿ ಮಾದರಿ ಹೆಸರು, ಒಟ್ಟು ಬೆಲೆ, ಗಡುವು, ತಪ್ಪಿದರೆ ಹಣ ವಾಪಸ್ ಎಂಬ ಸಾಲು ಬರೆಸಿ. ‘ಬಂದಾಗಿನ ರೇಟು’ ಎಂದು ಬರೆದ ರಸೀದಿ ತೆಗೆದುಕೊಳ್ಳಬೇಡಿ. ಕ್ಯಾಬಿನೆಟ್ ಒಳಗೆ ಅಳತೆ ಹಿಡಿಯಿರಿ: 5090 ಫೌಂಡರ್ಸ್ ಎಡಿಷನ್ 304 ಮಿ.ಮೀ. ಉದ್ದ, ಬೇರೆಯವು 350 ದಾಟುವುದುಂಟು. ಕಾರ್ಡು ಕೈಗೆ ಬಂದ ದಿನ ಸೀಲು ಒಡೆಯುವುದನ್ನು ಫೋನಿನಲ್ಲಿ ವಿಡಿಯೋ ಮಾಡಿ, ಸೀರಿಯಲ್ ನಂಬರನ್ನು ಬಿಲ್ಲಿನೊಡನೆ ತಾಳೆ ನೋಡಿ, ಕಾರ್ಡಿನ ವಿವರ ತೋರಿಸುವ ಸಾಫ್ಟ್‌ವೇರ್ ಜಿಪಿಯು-ಝಡ್ ತೆರೆದು ಆರ್‌ಒಪಿ (ತೆರೆಯ ಚುಕ್ಕೆಗಳನ್ನು ಕೊನೆಯ ಹಂತದಲ್ಲಿ ಬರೆಯುವ ಘಟಕ) ಎಣಿಕೆ ಓದಿ. 2025ರಲ್ಲಿ ಮೊದಲ ಸರಕಿನ ಕೆಲವು ಕಾರ್ಡುಗಳಲ್ಲಿ ಆರ್‌ಒಪಿ ಕಡಿಮೆ ಇದ್ದದ್ದನ್ನು ಎನ್ವಿಡಿಯಾ ಒಪ್ಪಿಕೊಂಡು, ಕಾರ್ಡು ತಯಾರಿಸಿದ ಕಂಪನಿಯಿಂದ ಬದಲಿಸಿಕೊಳ್ಳಿ ಎಂದಿತು. 5090ಕ್ಕೆ ಅದು 176 ಇರಬೇಕು, 5080ಕ್ಕೆ 112. 168 ಅಥವಾ 104 ಕಂಡರೆ ತೆರೆಯ ಚಿತ್ರ ತೆಗೆದು ಅಂದೇ ಅಂಗಡಿಗೆ ಹೋಗಿ.