ಕಪ್ಪು ಜನರ ಇತಿಹಾಸ ಮಾಸ ವಿಜಯಪುರಕ್ಕೇಕೆ?

ಪ್ರಶ್ನೆ: ತಿಂಗಳಿಗೊಂದು ಸಮುದಾಯದ ಪರಂಪರೆಯನ್ನು ನೆನೆಯುವ ಕಾರ್ಯಕ್ರಮ ನಡೆಸಬೇಕೆಂದು ನಮ್ಮ ಕಾಲೇಜಿನಲ್ಲಿ ತೀರ್ಮಾನವಾಗಿದೆ. ಫೆಬ್ರುವರಿಗೆ ಅಮೆರಿಕದ ಕಪ್ಪು ಜನರ ಇತಿಹಾಸ ಮಾಸವನ್ನು ಸೂಚಿಸಿದ್ದಾರೆ. ವೇಷಭೂಷಣ ಸ್ಪರ್ಧೆಯಲ್ಲಿ ಮುಗಿದುಹೋಗುವ ಇಂಥ ಆಚರಣೆ ನಮ್ಮೂರಿಗೆ ಬೇಕೇ?
– ಉಪನ್ಯಾಸಕಿ, ವಿಜಯಪುರ

ಉತ್ತರ: ವೇಷಭೂಷಣ ಸ್ಪರ್ಧೆಯಾದರೆ ಖಂಡಿತ ಬೇಡ. ಮುಖಕ್ಕೆ ಮಸಿ ಬಳಿದುಕೊಂಡು ವೇದಿಕೆ ಹತ್ತುವುದು ಯಾರಿಗೂ ಗೌರವವಲ್ಲ. ಆದರೆ ಆ ಮಾಸವನ್ನು ಕೈಬಿಡುವ ಮೊದಲು ಅದು ಹುಟ್ಟಿದ ಬಗೆಯನ್ನು ತಿಳಿಯಿರಿ. ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ತಂದೆತಾಯಿಗಳ ಮಗನಾದ ಇತಿಹಾಸಕಾರ ಕಾರ್ಟರ್ ವುಡ್ಸನ್, ಪಠ್ಯಪುಸ್ತಕಗಳಲ್ಲಿ ತನ್ನ ಜನರ ಸುಳಿವೇ ಇಲ್ಲದ್ದನ್ನು ಕಂಡು, 1926ರಲ್ಲಿ ಒಂದು ವಾರದ ಆಚರಣೆಯನ್ನು ಆರಂಭಿಸಿದರು. ಫೆಬ್ರುವರಿ 12 ಅಬ್ರಹಾಂ ಲಿಂಕನ್ ಅವರ ಜನ್ಮದಿನ. 14, ಗುಲಾಮರಾಗಿ ಹುಟ್ಟಿದ್ದರಿಂದ ತಮ್ಮ ಜನ್ಮದಿನವೇ ತಿಳಿಯದಿದ್ದ, ಗುಲಾಮಗಿರಿಯ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಸ್ ತಾವೇ ಆರಿಸಿಕೊಂಡ ದಿನ. ಕಪ್ಪು ಜನರು ಮೊದಲೇ ಆಚರಿಸುತ್ತಿದ್ದ ಈ ಎರಡು ದಿನಗಳಿಗೆ ವುಡ್ಸನ್ ತಮ್ಮ ವಾರವನ್ನು ಹೊಂದಿಸಿದರು. ವಾರವು ಮಾಸವಾದದ್ದು 1976ರಲ್ಲಿ.

ಇನ್ನು ವಿಜಯಪುರದ ಮಾತು. ಗೋಳಗುಮ್ಮಟದಲ್ಲಿ ಮಲಗಿರುವ ಮುಹಮ್ಮದ್ ಆದಿಲ್‌ಶಾಹನ ಪ್ರಬಲ ಮಂತ್ರಿಯಾಗಿದ್ದ ಇಖ್ಲಾಸ್ ಖಾನ್ ಆಫ್ರಿಕಾ ಮೂಲದ ಹಬಶಿ. ಸುಲ್ತಾನನೂ ಅವನೂ ಒಂದೇ ಆನೆಯ ಮೇಲೆ ಕುಳಿತಿರುವ ಚಿತ್ರವೊಂದು ಅವರ ಕಾಲದ್ದೇ ಉಳಿದಿದೆ. ದಖ್ಖನಿಗೆ ಗುಲಾಮರಾಗಿ ಬಂದ ಹಬಶಿಗಳಲ್ಲಿ ಕೆಲವರು ಸೇನಾಪತಿಗಳೂ ಮಂತ್ರಿಗಳೂ ಆದರು. ಗುಮ್ಮಟದ ಪ್ರತಿಧ್ವನಿಯನ್ನು ಕೇಳಲು ಪ್ರತಿವರ್ಷ ಮಕ್ಕಳನ್ನು ಕರೆದೊಯ್ಯುವ ನಾವು ಈ ಸಂಗತಿಯನ್ನು ಹೇಳಿಕೊಡುವುದಿಲ್ಲ (ನನಗೂ ಶಾಲೆಯಲ್ಲಿ ಯಾರೂ ಹೇಳಲಿಲ್ಲ). ನಿಮ್ಮ ಫೆಬ್ರುವರಿ ಕಾರ್ಯಕ್ರಮ ಇಲ್ಲಿಂದಲೇ ಆರಂಭವಾಗಲಿ.

ಉತ್ತರ ಕನ್ನಡ, ಧಾರವಾಡ, ಬೆಳಗಾವಿ ಜಿಲ್ಲೆಗಳಲ್ಲಿ ನೆಲೆಸಿರುವ ಸಿದ್ದಿಯರೂ ಆಫ್ರಿಕಾ ಮೂಲದವರು. ಉತ್ತರ ಕನ್ನಡದ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರೆ, ಬೆಳಗಾವಿ ಮತ್ತು ಧಾರವಾಡದವರು 2020ರವರೆಗೆ ಕಾಯಬೇಕಾಯಿತು. ಅವರನ್ನು ಆಹ್ವಾನಿಸುವುದಾದರೆ ಅವರ ಡಮಾಮಿ ನೃತ್ಯ ಮಾಡಿಸಿ, ಶಾಲು ಹೊದಿಸಿ ಕಳುಹಿಸಬೇಡಿ. ಏನನ್ನು ಮಾತನಾಡಬೇಕೆಂಬುದನ್ನು ಅವರೇ ನಿರ್ಧರಿಸಲಿ. ಪ್ರಯಾಣದ ಖರ್ಚನ್ನೂ ಗೌರವಧನವನ್ನೂ ಮೊದಲೇ ತೆಗೆದಿರಿಸಿ.

ಉಳಿದ ತಿಂಗಳುಗಳಿಗೂ ಇದೇ ಕ್ರಮ ಸಾಕು. ಡಿಸೆಂಬರ್ 3ರ ಅಂಗವಿಕಲರ ದಿನದ ಸಭೆಯನ್ನು ಮಾತ್ರ, ನಿಮ್ಮ ಸಭಾಂಗಣ ಮೆಟ್ಟಿಲು ಹತ್ತಿ ಹೋಗುವಂತಿದ್ದರೆ, ದಯವಿಟ್ಟು ಕೆಳಗಿನ ಅಂಗಳದಲ್ಲಿ ನಡೆಸಿ.