ಎಣಿಸಿದಾಗ 13

(ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಆಕೆಗೆ 27 ವರ್ಷ. ಕಾಡಿನಂಚಿನ ಶಿಬಿರ ಕೇಂದ್ರವೊಂದರಲ್ಲಿ ಮಕ್ಕಳಿಗೆ ಪರಿಸರ ಪಾಠ ಹೇಳಿಕೊಡುವ ಕೆಲಸ. ಹತ್ತಿರದ ಊರಿಗೆ ಎರಡು ಗಂಟೆಯ ದಾರಿ. ಫೋನ್ ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು. ಸೋಮವಾರ ಒಂದು ತಂಡ ಬರುತ್ತದೆ, ಶುಕ್ರವಾರ ಹೊರಡುತ್ತದೆ. ಮತ್ತೆ ಸೋಮವಾರ ಇನ್ನೊಂದು.

ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದವರು "ನಿದ್ದೆ ಬರಲ್ಲ ಮೇಡಂ" ಎಂದು ಶುರು ಮಾಡಿದರು. ಮಾತಾಡಿದಷ್ಟು ಹೊತ್ತೂ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣು ಮುಟ್ಟುತ್ತಾ ಓಡುತ್ತಿತ್ತು. ಏನು ಎಣಿಸ್ತಿದ್ದೀರಿ ಅಂತ ಕೇಳಿದೆ. ಕೈ ತಟ್ಟನೆ ನಿಂತಿತು.

"ಮಕ್ಕಳನ್ನ."

ಎರಡು ತಿಂಗಳ ಹಿಂದಿನ ಮಾತು. 14 ಮಕ್ಕಳ ತಂಡ, ಜೊತೆಗೆ ಇವರೊಬ್ಬರೇ. ಒಬ್ಬೊಬ್ಬರೂ ಒಂದೊಂದು ಮರದ ಬುಡದಲ್ಲಿ 10 ನಿಮಿಷ ಸುಮ್ನೆ ಕೂತು, ಕಂಡದ್ದು ಕೇಳಿದ್ದನ್ನು ಗಮನಿಸುವ ಚಟುವಟಿಕೆ. ಇವರಿಗೆ ತುಂಬಾ ಇಷ್ಟದ್ದು. ಸೀಟಿ ಊದಿ ಕರೆದು ತಲೆ ಎಣಿಸಿದರೆ 13. ಮತ್ತೆ ಎಣಿಸಿದರೂ 13. ಎಂಟು ನಿಮಿಷ ಹುಡುಕಿದ ಮೇಲೆ ಹುಡುಗ ಸಿಕ್ಕ. ಬಂಡೆಯ ಹಿಂದೆ ಮಂಡಿಯೂರಿ, ಭೂತಗನ್ನಡಿ ಹಿಡಿದು ಇರುವೆ ಸಾಲು ನೋಡ್ತಿದ್ದ. "ಅಕ್ಕಾ, ಮೆಲ್ಲಗೆ ಬನ್ನಿ" ಅಂದನಂತೆ. ಬೆಳಿಗ್ಗೆ ಇವರು ಹೇಳಿಕೊಟ್ಟದ್ದನ್ನೇ ಅವನು ಮಾಡುತ್ತಿದ್ದ.

ವಿಷಯ ಕೇಳಿದ ಸಹೋದ್ಯೋಗಿ "ಸಿಕ್ಕನಲ್ಲ, ಬಿಡಿ" ಎಂದರು. ಮೇಲಿನವರಿಗೆ ಇವರು ಹೇಳಲೇ ಇಲ್ಲ. ಶುಕ್ರವಾರ ಹುಡುಗನೂ ಹೋದ. ಅಂದಿನಿಂದ ಆ ಚಟುವಟಿಕೆ ನಿಂತಿದೆ. ರಾತ್ರಿ ಮಲಗಿದರೆ ಎಣಿಕೆ ಶುರು.

ಒಂಟಿ ಜಾಗ, ಅದಕ್ಕೇ ಒಂಟಿತನ ಎಂದು ಮೊದಲು ನಾನೂ ಅಂದುಕೊಂಡೆ. ಕೇಳುತ್ತಾ ಹೋದಂತೆ ಬೇರೆಯೇ ಕಂಡಿತು. ಅವರ ಸುತ್ತ ಜನ ಕಡಿಮೆಯಲ್ಲ, ಜಾಸ್ತಿ. ಆದರೆ ಬರುವವರೆಲ್ಲ ಐದು ದಿನದವರು. ಉಳಿಯುವವರು ಅದೇ ಕೋಣೆಯ, ಅದೇ ಊಟದ ಮೇಜಿನ ಸಹೋದ್ಯೋಗಿಗಳು. ಹೆದರಿಕೆ ಹೇಳಿಕೊಂಡರೆ ನಾಳೆ ತಂಡ ಕೊಡದೇ ಹೋದರೆ? ಆ ಭಯಕ್ಕೆ ಬಾಯಿ ಕಟ್ಟಿತ್ತು.

ತನಗೆ ಬರ್ನೌಟ್ ಆಗಿದೆ ಅಂತ ಅವರೇ ತೀರ್ಮಾನಿಸಿಕೊಂಡು ಬಂದಿದ್ದರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ಐಸಿಡಿ-11 ಎಂಬ ಕಾಯಿಲೆಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಬರ್ನೌಟ್ ಕಾಯಿಲೆಯಲ್ಲ, ಕೆಲಸದ ಒತ್ತಡಕ್ಕೆ ಸೇರಿದ ಸ್ಥಿತಿ. ಅದಕ್ಕೆ ಮೂರು ಲಕ್ಷಣ: ಸುಸ್ತು, ಕೆಲಸದ ಮೇಲೆ ಮನಸ್ಸು ಮುರಿಯುವುದು, ಕೈಲಾಗುತ್ತಿಲ್ಲ ಅನಿಸುವುದು. ಸುಸ್ತು ಇತ್ತು, ನಿಜ. ಆದರೆ ಇರುವೆ ಸಾಲಿನ ಮಾತು ಬಂದಾಗ ಅವರ ಮುಖ ಅರಳಿದ್ದನ್ನು ನೋಡಿದೆ. ಮನಸ್ಸು ಮುರಿದಿರಲಿಲ್ಲ, ಹೆದರಿತ್ತು. ಸಾಯುವ ಯೋಚನೆ ಬರುತ್ತದಾ ಅಂತ ನೇರವಾಗಿಯೇ ಕೇಳಿದೆ. ಇಲ್ಲ ಎಂದರು. ಮನಸ್ಸು ಕುಗ್ಗಿ ಎರಡು ವಾರ ದಾಟಿದರೆ ವೈದ್ಯರನ್ನು ಕಾಣಲೇಬೇಕು ಎಂದೂ ಹೇಳಿದೆ.

ಮೊದಲ ಸಲಹೆ, ಆ ಎಂಟು ನಿಮಿಷವನ್ನು ಬರೆದು ಮೇಲಿನವರಿಗೆ ಕೊಡಿ. ಸ್ವಲ್ಪದರಲ್ಲಿ ತಪ್ಪಿದ ಅಪಾಯವನ್ನೂ ದಾಖಲಿಸುವುದು ಈ ಕೆಲಸದಲ್ಲಿ ಇರುವ ಪದ್ಧತಿಯೇ. ಅದು ತಪ್ಪೊಪ್ಪಿಗೆ ಅಲ್ಲ. ಮಕ್ಕಳು ಕಣ್ಮರೆಯಾಗುವ ಜಾಗದಲ್ಲಿ 14 ಮಂದಿಗೆ ಒಬ್ಬರು ಸಾಲುವುದಿಲ್ಲ. ಅದು ವ್ಯವಸ್ಥೆಯ ಕೊರತೆ, ಅದನ್ನು ಇವರೊಬ್ಬರೇ ಯಾಕೆ ಹೊರಬೇಕು?

ಬಿಟ್ಟ ಚಟುವಟಿಕೆಯ ಬಗ್ಗೆ ಜಾಸ್ತಿ ಹೊತ್ತು ಮಾತಾಡಿದೆವು. ಭಯ ಹುಟ್ಟಿಸುವುದನ್ನು ದೂರ ಇಟ್ಟರೆ ಆ ದಿನಕ್ಕೆ ಹಾಯೆನಿಸುತ್ತದೆ. ಆ ಹಾಯೆನ್ನುವುದೇ ಭಯಕ್ಕೆ ಗೊಬ್ಬರ. ಹಾಗಾಗಿ ಚಿಕ್ಕದಾಗಿ ಮತ್ತೆ ಶುರು ಮಾಡಿ ಎಂದೆ: ಬಯಲಲ್ಲಿ, ಎಲ್ಲರೂ ಕಾಣುವಂತೆ, ಇನ್ನೊಬ್ಬ ಬೋಧಕರ ಜೊತೆ.

ರಜೆಯ ದಿನ ಕೇಂದ್ರದ ಗೇಟು ದಾಟಬೇಕು. ಭಾನುವಾರ ಒಂದೇ ಹೊತ್ತಿಗೆ ಗುಡ್ಡ ಹತ್ತಿ ಹಳೇ ಗೆಳತಿಗೆ ಫೋನ್ ಮಾಡಬೇಕು, ಚೆನ್ನಾಗಿದ್ದೀನಿ ಅಂತ ಹೇಳುವುದಕ್ಕಲ್ಲ, ಇದ್ದದ್ದನ್ನು ಹೇಳುವುದಕ್ಕೆ.

ಮೂರನೇ ಭೇಟಿಗೆ ಬಂದಾಗ ವರದಿ ಕೊಟ್ಟಾಗಿತ್ತು, ತಂಡ ಕಿತ್ತುಕೊಂಡಿರಲಿಲ್ಲ. ಮಕ್ಕಳನ್ನು ಬಯಲಲ್ಲಿ 5 ನಿಮಿಷ ಕೂರಿಸಿದ್ದರು. ನಾಲ್ಕನೇ ನಿಮಿಷಕ್ಕೆ ಕೈ ನಡುಗಿತಂತೆ, ಆದರೂ ಸೀಟಿ ಬೇಗ ಊದಲಿಲ್ಲ. ನಿದ್ದೆ ಇನ್ನೂ ಪೂರ್ತಿ ಸರಿಹೋಗಿಲ್ಲ. ಮುಂದಿನ ತಂಡಕ್ಕೆ 7 ನಿಮಿಷ ಅಂತ ಮಾತಾಡಿಕೊಂಡಿದ್ದೇವೆ.